ತಿಳಿ ಕಟ್ಟಿಗೆಗೆ ಗಾಢ ಬಣ್ಣ: ಸ್ಟೇನ್, ಸ್ಪಿರಿಟ್ ಪಾಲಿಶ್, ಬಣ್ಣದ ಕೋಟ್, ಪೇಂಟ್ – ಯಾವುದು ಯಾವ ಫರ್ನಿಚರಿಗೆ?

ರಬ್ಬರ್‌ವುಡ್ ಡೈನಿಂಗ್ ಸೆಟ್, ಪೈನ್ ಹಲಗೆಯ ಪುಸ್ತಕದ ರ‍್ಯಾಕ್, ಮಾವಿನ ಕಟ್ಟಿಗೆಯ ಪಲ್ಲಂಗ. ಮನೆಗೆ ತಂದಾಗ ಇವೆಲ್ಲ ಬೆಳ್ಳಗೆ, ಚೊಕ್ಕವಾಗಿ ಕಾಣುತ್ತವೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕುರ್ಚಿಯ ಕೈಗಳು ಕೊಳೆ ಹಿಡಿಯುತ್ತವೆ, ಟೇಬಲ್ ಮೇಲೆ ಚಹಾದ ಕಲೆ ಬೀಳುತ್ತದೆ. ಆಗ "ಇದನ್ನ ವಾಲ್‌ನಟ್ ಬಣ್ಣಕ್ಕೆ ಮಾಡಿಸಿಬಿಡೋಣ" ಅನ್ನುವ ಮಾತು ಮನೆಯಲ್ಲಿ ಬರುತ್ತದೆ. ಒಳ್ಳೆಯ ಯೋಚನೆಯೇ. ತಿಳಿ ಕಟ್ಟಿಗೆಯನ್ನು ಗಾಢ ಮಾಡಬಹುದು. ಗಾಢ ಇದ್ದದ್ದನ್ನು ತಿಳಿ ಮಾಡುವುದು ಬಲು ಕಷ್ಟ.

ಆದರೆ ಹೆಚ್ಚಿನವರು ಶೇಡ್ ಕಾರ್ಡ್ ಹಿಡಿದುಕೊಂಡು ಶುರು ಮಾಡುತ್ತಾರೆ. ನನ್ನ ಪ್ರಕಾರ ಶೇಡ್ ಆರಿಸುವುದು ಕೊನೆಯ ಕೆಲಸ. ಮೊದಲು ಎರಡು ವಿಷಯ ತಿಳಿಯಬೇಕು: ನಿಮ್ಮ ಫರ್ನಿಚರಿನ ಕೆಳಗೆ ಇರುವುದು ಏನು, ಅದರ ಮೇಲೆ ಈಗಾಗಲೇ ಏನು ಬಳಿದಿದ್ದಾರೆ. ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿಟ್ಟುಹೋಗುತ್ತವೆ. ದುಡ್ಡೂ ಉಳಿಯುತ್ತದೆ.

ಕೆಳಗೆ ಇರುವುದು ಕಟ್ಟಿಗೆಯೇ?

ಒಂದು ಡ್ರಾವರ್ ಹೊರಗೆ ಎಳೆದು ತಲೆಕೆಳಗು ಮಾಡಿ. ಟೇಬಲ್ ಆದರೆ ಕೆಳಗೆ ಬಗ್ಗಿ ಹಲಗೆಯ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನ ತನಕ ಬಂದು, ಅಂಚಿನ ಮೇಲೂ ಮುಂದುವರಿದಿದ್ದರೆ ಅದು ಗಟ್ಟಿ ಕಟ್ಟಿಗೆ. ಗೆರೆಗಳು ಅಂಚಿನಲ್ಲಿ ಥಟ್ಟನೆ ನಿಂತು, ಕೆಳಗೆ ಪದರ ಪದರವಾಗಿ ಕಂಡರೆ ಪ್ಲೈವುಡ್ ಮೇಲೆ ವಿನಿಯರ್, ಅಂದರೆ ಕಟ್ಟಿಗೆಯ ತೆಳು ಹಾಳೆ, ಅಂಟಿಸಿದ್ದು. ಕೆಳಗೆ ಹಿಟ್ಟಿನಂಥ ಕಂದು ಹಲಗೆ ಕಂಡರೆ ಅದು ಎಂಡಿಎಫ್, ಅಂದರೆ ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ. ಅದರ ಮೇಲಿನ ಗೆರೆಗಳು ಎಷ್ಟೋ ಸಲ ಬರೀ ಕಾಗದದ ಮೇಲೆ ಮುದ್ರಿಸಿದ ಚಿತ್ರ. ಅದೇ ಗಂಟು, ಅದೇ ಸುರುಳಿ ಒಂದಡಿ ದೂರದಲ್ಲಿ ಮತ್ತೆ ಬಂದಿದೆಯಾ ನೋಡಿ. ಬಂದಿದ್ದರೆ ಅನುಮಾನ ಬೇಡ.

ಕಾಗದದ ಚಿತ್ರ ಅಥವಾ ಸನ್‌ಮೈಕಾ ಇದ್ದರೆ ಸ್ಟೇನ್ (ಕಟ್ಟಿಗೆಯೊಳಗೆ ಇಳಿಯುವ ಬಣ್ಣದ ದ್ರವ) ಮಾತೇ ಇಲ್ಲ. ಸ್ಟೇನ್ ಒಳಗೆ ಇಳಿಯಲು ಅಲ್ಲಿ ಕಟ್ಟಿಗೆಯೇ ಇಲ್ಲ. ಪೇಂಟ್ ಮಾಡಬೇಕು, ಇಲ್ಲವೇ ಮೇಲೆ ಹೊಸ ಮೈಕಾ ಅಂಟಿಸಬೇಕು. ವಿನಿಯರ್ ಇದ್ದರೆ ಸ್ಟೇನ್ ಆಗುತ್ತದೆ, ಆದರೆ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಮಾತ್ರ ಇರುತ್ತದೆ. ಮಶೀನ್ ಹಚ್ಚಿ ಉಜ್ಜಿದರೆ ಮೂಲೆಯಲ್ಲಿ ಪ್ಲೈವುಡ್ ಇಣುಕುತ್ತದೆ. ಅಂಥದ್ದಕ್ಕೆ ಕೈಯಲ್ಲೇ ಪಾಲಿಶ್ ಪೇಪರ್ ಆಡಿಸಬೇಕು.

ಗಟ್ಟಿ ಕಟ್ಟಿಗೆಯಾದರೂ ಕಾಲಿನ ಬುಡದಲ್ಲಿ ಹಿಟ್ಟು ಉದುರಿದೆಯಾ, ಸಣ್ಣ ಸಣ್ಣ ತೂತುಗಳಿವೆಯಾ ನೋಡಿಕೊಳ್ಳಿ. ರಬ್ಬರ್‌ವುಡ್, ಮಾವು ಎರಡಕ್ಕೂ ಹುಳ ಬೇಗ ಬೀಳುತ್ತದೆ. ಹುಳದ ಔಷಧಿ ಮೊದಲು, ಬಣ್ಣ ಆಮೇಲೆ.

ಒಂದು ಮಾತು ಸಾಗವಾನಿ ಬಗ್ಗೆ. ಈಗಷ್ಟೇ ರಂದಾ ಹೊಡೆದ ಹೊಸ ಸಾಗವಾನಿ ತಿಳಿಯಾಗಿ, ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗಾಢ ಸ್ಟೇನ್ ಬಳಿಸಬೇಡಿ. ಬೆಳಕು ತಾಗುತ್ತಾ ತಾಗುತ್ತಾ ಅದು ತಾನೇ ಹೊಂಬಣ್ಣಕ್ಕೆ ತಿರುಗುತ್ತದೆ. ಸಾಗವಾನಿಗೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಕೋಟ್, ಸಾಕು. ದುಡ್ಡು ಕೊಟ್ಟು ಸಾಗವಾನಿ ತಂದು, ಅದರ ಮೇಲೆ ಕಪ್ಪಿಗೆ ಹತ್ತಿರದ ವೆಂಗೆ ಬಣ್ಣ ಬಳಿದು ಮುಚ್ಚುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮೇಲೆ ಏನು ಬಳಿದಿದ್ದಾರೆ?

ಕಣ್ಣಿಗೆ ಕಾಣದ ಕಡೆ, ಅಂದರೆ ಕಾಲಿನ ಒಳಬದಿಯಲ್ಲಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಹಳೆಯ ಸ್ಪಿರಿಟ್ ಪಾಲಿಶ್, ಅಂದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಅದ್ದಿ ನೋಡಿ. ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಅಲ್ಲಿರುವುದು ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪೊರೆ. ಶೋರೂಮಿನ ಸೆಟ್‌ಗಳಲ್ಲಿ ಹೆಚ್ಚಾಗಿ ಲ್ಯಾಕರ್ ಇಲ್ಲವೇ ಪಿಯು ಇರುತ್ತದೆ. ಊರಿನ ಬಡಿಗೇರರು ಮಾಡಿದ ಹಳೆ ಸಾಮಾನುಗಳಲ್ಲಿ ಸ್ಪಿರಿಟ್ ಪಾಲಿಶ್ ಸಿಗುವುದೇ ಜಾಸ್ತಿ.

ಈ ಪರೀಕ್ಷೆ ಏಕೆಂದರೆ, ಸ್ಟೇನ್ ಬರೀ ಕಟ್ಟಿಗೆಯ ಒಳಗೆ ಮಾತ್ರ ಇಳಿಯುತ್ತದೆ. ಮೇಲೆ ಪಿಯು ಪೊರೆ ಇದ್ದರೆ ಅದರ ಮೇಲೆ ಹಚ್ಚಿದ ಸ್ಟೇನ್ ಒರೆಸಿದಾಗ ಬಟ್ಟೆಗೇ ಬರುತ್ತದೆ. ಹಾಗಾಗಿ ಪ್ರಶ್ನೆ ಇಷ್ಟೇ: ಹಳೇ ಪೊರೆಯನ್ನು ಪೂರ್ತಿ ತೆಗೆಯುತ್ತೀರಾ, ಅದರ ಮೇಲೇ ಬಣ್ಣ ಕೂರಿಸುತ್ತೀರಾ? ಮುಂದಿನ ಎಲ್ಲ ಆಯ್ಕೆಗಳೂ ಈ ಒಂದು ಕವಲಿನಿಂದಲೇ ಬರುತ್ತವೆ.

ಹಳೇ ಎಣ್ಣೆ ಪೇಂಟ್ ಬಳಿದ ತೊಟ್ಟಿಲು, ಪೆಟ್ಟಿಗೆ, ಬಾಗಿಲುಗಳಿದ್ದರೆ ಒಂದು ಎಚ್ಚರಿಕೆ. ಮನೆಯ ಪೇಂಟ್‌ಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿದ ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಪೇಂಟ್‌ನಲ್ಲಿ ಸೀಸ ಇರಬಹುದು ಎಂದೇ ಇಟ್ಟುಕೊಳ್ಳಿ. ಒಣಗಿದ್ದಾಗಲೇ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಚ್ಚಿಕೊಂಡು ವಾಟರ್ ಪೇಪರ್‌ನಿಂದ ಉಜ್ಜಿ ಅಥವಾ ಪೇಂಟ್ ರಿಮೂವರ್ ಬಳಸಿ. ಮಕ್ಕಳನ್ನು, ಬಸುರಿಯರನ್ನು ಅತ್ತ ಬಿಡಬೇಡಿ.

ಸ್ಟೇನ್ ಮತ್ತು ಮೇಲೆ ಕ್ಲಿಯರ್: ಕೆಲಸ ಜಾಸ್ತಿ, ಫಲವೂ ಜಾಸ್ತಿ

ಹಳೇ ಪೊರೆ ತೆಗೆದು, ಬರೀ ಕಟ್ಟಿಗೆಗೆ ಸ್ಟೇನ್ ಹಚ್ಚಿ, ಮೇಲೆ ಕ್ಲಿಯರ್ ಕೋಟ್ ಕೊಡುವುದು. ಗೆರೆಗಳು ಪೂರ್ತಿ ಕಾಣುತ್ತವೆ. ಬಣ್ಣ ಕಟ್ಟಿಗೆಯ ಒಳಗೇ ಇರುವುದರಿಂದ ಸಣ್ಣ ಗೀರು ಬಿದ್ದರೂ ಬೆಳ್ಳಗೆ ಎದ್ದು ಕಾಣುವುದಿಲ್ಲ. ಊಟದ ಟೇಬಲ್ಲಿನ ಮೇಲ್ಭಾಗ, ಟೀಪಾಯಿ, ದಿವಾನಿನ ಕೈ, ಹೀಗೆ ದಿನವೂ ಕೈ ತಾಗುವ ಜಾಗಕ್ಕೆ ಇದೇ ಸರಿ.

ಪೇಪರ್ ಹೊಡೆಯುವಾಗ 80 ಅಥವಾ 120 ನಂಬರಿನಿಂದ ಶುರು ಮಾಡಿ, 180, ಆಮೇಲೆ 220 (ನಂಬರ್ ಏರಿದಷ್ಟೂ ಪೇಪರ್ ನಯ). ಯಾವಾಗಲೂ ಗೆರೆಯ ಉದ್ದಕ್ಕೇ. ಅಡ್ಡ ಹೊಡೆದ ಗೀರು ಬಿಳಿ ಕಟ್ಟಿಗೆಯಲ್ಲಿ ಕಾಣುವುದಿಲ್ಲ. ಗಾಢ ಸ್ಟೇನ್ ಬಿದ್ದ ಕೂಡಲೇ ಒಂದೊಂದೂ ಕಪ್ಪಾಗಿ ಎದ್ದು ನಿಲ್ಲುತ್ತದೆ. 220ಕ್ಕಿಂತ ಮುಂದೆ ಹೋಗಿ ನುಣ್ಣಗೆ ಮಾಡಿದರೆ ಕಟ್ಟಿಗೆ ಬಣ್ಣ ಕುಡಿಯುವುದು ಕಡಿಮೆಯಾಗುತ್ತದೆ. ಇದನ್ನೇ ಹಲಗೆಯ ತುದಿಗಳಲ್ಲಿ ಲಾಭಕ್ಕೆ ಬಳಸಿಕೊಳ್ಳಬಹುದು. ಹಲಗೆಯನ್ನು ಅಡ್ಡ ಕೊಯ್ದ ತುದಿ ಬಣ್ಣವನ್ನು ಜಾಸ್ತಿ ಹೀರಿ ಕಪ್ಪಾಗುತ್ತದೆ. ಅಲ್ಲಿ ಮಾತ್ರ ಇನ್ನೂ ನಯವಾದ ಪೇಪರ್ ಹೊಡೆದರೆ ಉಳಿದ ಭಾಗಕ್ಕೆ ಹೊಂದುತ್ತದೆ.

ಈಗ ಪೈನ್ ಹಲಗೆಯನ್ನು ಹತ್ತಿರದಿಂದ ನೋಡಿ. ಅಗಲವಾದ ಬಿಳಿ ಪಟ್ಟೆ, ನಡುನಡುವೆ ತೆಳ್ಳನೆಯ ಕಂದು ಗೆರೆ. ಉಗುರಿನಿಂದ ಒತ್ತಿದರೆ ಬಿಳಿ ಪಟ್ಟೆ ತಗ್ಗುತ್ತದೆ, ಕಂದು ಗೆರೆ ತಗ್ಗುವುದಿಲ್ಲ. ಸ್ಟೇನ್ ಹಚ್ಚಿದಾಗ ಮೆತ್ತಗಿನ ಬಿಳಿ ಪಟ್ಟೆ ಗಟಗಟ ಕುಡಿದು ಕಪ್ಪಾಗುತ್ತದೆ. ಗಟ್ಟಿ ಗೆರೆ ಕುಡಿಯದೆ ತಿಳಿಯಾಗಿ ಉಳಿಯುತ್ತದೆ. ಹಳೇ ಫೋಟೋದ ನೆಗೆಟಿವ್ ಎತ್ತಿ ಹಿಡಿದ ಹಾಗೆ ಎಲ್ಲ ತಿರುವುಮುರುವಾಗುತ್ತದೆ. ಅದರ ಜೊತೆಗೆ ಅಲ್ಲಲ್ಲಿ ಮೋಡದಂತೆ ಕಪ್ಪು ಮಚ್ಚೆ. ಇದನ್ನು ತಪ್ಪಿಸಲು ಸ್ಟೇನ್‌ಗಿಂತ ಮೊದಲು ಒಂದು ತೆಳ್ಳನೆಯ ತಡೆ ಕೊಡಬೇಕು. ಅರಗಿನ ಪಾಲಿಶಿಗೆ ಇನ್ನಷ್ಟು ಸ್ಪಿರಿಟ್ ಸೇರಿಸಿ ನೀರಿನಂತೆ ಮಾಡಿ, ಒಂದು ಕೈ ಎಳೆದು, ಒಣಗಿದ ಮೇಲೆ 220 ಪೇಪರ್ ಮೆಲ್ಲಗೆ ಆಡಿಸಿ. ಮೇಲೆ ಪಿಯು ಬರುವುದಾದರೆ ಮೇಣ ತೆಗೆದ ಅರಗೇ ಆಗಬೇಕು. ಸಾಮಾನ್ಯ ಅರಗಿನ ಚಕ್ಕೆಯಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಂಥ ಅರಗು ಸಿಗದಿದ್ದರೆ, ಪಿಯು ತಂದ ಕಂಪನಿಯದೇ ಸೀಲರನ್ನು (ಕ್ಲಿಯರ್ ಕೋಟಿಗೆ ಮೊದಲು ಬಳಿಯುವ ತಳದ ಕೋಟ್) ತೆಳ್ಳಗೆ ಮಾಡಿ ಬಳಸಿ.

ರಬ್ಬರ್‌ವುಡ್ಡಿನ ತೊಂದರೆ ಬೇರೆ. ಅದರ ಹಲಗೆ ಒಂದೇ ತುಂಡಲ್ಲ. ಅಂಗೈ ಅಗಲದ ತುಂಡುಗಳನ್ನು ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿ ಅಂಟಿಸಿರುತ್ತಾರೆ. ಬೆಳ್ಳಗಿದ್ದಾಗ ತುಂಡಿಗೂ ತುಂಡಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸ್ಟೇನ್ ಹಚ್ಚಿದರೆ ಒಂದೊಂದು ತುಂಡು ಒಂದೊಂದು ಬಣ್ಣ ತಾಳುತ್ತದೆ. ಕೂಡಿಸಿದ ಗೆರೆಯಲ್ಲಿ ಅಂಟು ಇರುವ ಕಡೆ ಬಣ್ಣವೇ ಹಿಡಿಯುವುದಿಲ್ಲ. ಟೀಕ್ ಶೇಡಿಗೆ ನಿಂತರೆ ಇದು ಅಷ್ಟಾಗಿ ಕಾಣುವುದಿಲ್ಲ. ವಾಲ್‌ನಟ್‌ವರೆಗೂ ನಡೆಯುತ್ತದೆ. ಅದಕ್ಕಿಂತ ಗಾಢ ಬೇಕೆಂದರೆ ಬರೀ ಸ್ಟೇನ್ ಮೇಲೆ ಭಾರ ಹಾಕಬೇಡಿ. ಅರ್ಧ ಬಣ್ಣವನ್ನು ಸ್ಟೇನ್‌ನಲ್ಲಿ ಕೊಟ್ಟು, ಇನ್ನರ್ಧವನ್ನು ಮೇಲಿನ ಕೋಟಿನಲ್ಲಿ ಬಣ್ಣ ಬೆರೆಸಿ ಸ್ಪ್ರೇ ಮಾಡಿಸಿ. ತುಂಡುಗಳ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಸ್ಟೇನ್ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಬೇಕು. ಇನ್ನೂ ಗಾಢ ಬೇಕೆಂದು ಒರೆಸದೆ ಬಿಟ್ಟರೆ ಅದು ಮೇಲೇ ಕೂತು, ಸರಿಯಾಗಿ ಒಣಗದೆ, ಕ್ಲಿಯರ್ ಬಳಿದ ಮೇಲೆ ಸಿಪ್ಪೆಯಂತೆ ಏಳುತ್ತದೆ. ಗಾಢ ಬೇಕಾದರೆ ಒಣಗಿದ ಮೇಲೆ ಎರಡನೇ ಕೈ ಹಚ್ಚಿ. ಇನ್ನೊಂದು ಮಾತು, ಪಡುವಣ ಕಿಟಕಿಯ ಪಕ್ಕ ಇಡುವ ಸಾಮಾನಿಗೆ ಪಿಗ್ಮೆಂಟ್ (ಕರಗದ ಬಣ್ಣದ ಪುಡಿ) ಇರುವ ಸ್ಟೇನ್ ಕೇಳಿ. ಡೈ, ಅಂದರೆ ಪೂರ್ತಿ ಕರಗಿದ ಬಣ್ಣ, ನೋಡಲು ಚೆಂದ, ಆದರೆ ನಮ್ಮ ಕಲಬುರಗಿ ಕಡೆಯ ಬಿಸಿಲಿಗೆ ಬೇಗ ಮಾಸುತ್ತದೆ.

ಹಳೇ ಪೊರೆಯ ಮೇಲೇ ಬಣ್ಣದ ಕೋಟ್

ಕಂಬಿ ಕಂಬಿ ಇರುವ ಕುರ್ಚಿ, ಕೆತ್ತನೆಯ ಮಂಚದ ತಲೆಭಾಗ, ತೊಟ್ಟಿಲು. ಇವುಗಳ ಪೊರೆ ತೆಗೆಯುವುದು ಎಂದರೆ ಸಾಕಪ್ಪಾ ಸಾಕು ಅನ್ನಿಸುವ ಕೆಲಸ. ಇಂಥವಕ್ಕೆ ಜೆಲ್ ಸ್ಟೇನ್ (ಒಳಗೆ ಇಳಿಯದೆ ಮೇಲೇ ಕೂರುವ ಮಂದ ಸ್ಟೇನ್) ಅಥವಾ ಬಣ್ಣ ಬೆರೆಸಿದ ಪಿಯು ಒಳ್ಳೆಯದು. ಹಳೇ ಪೊರೆ ಗಟ್ಟಿಯಾಗಿ ಕೂತಿರಬೇಕು, ಎಲ್ಲೂ ಸಿಪ್ಪೆ ಎದ್ದಿರಬಾರದು. 220 ಅಥವಾ 320 ಪೇಪರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ, ತೆಳ್ಳಗೆ ಎರಡು ಮೂರು ಕೋಟ್ ಕೊಡುವುದು. ಜೆಲ್ ಸ್ಟೇನ್ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುವವರ ಕೈಯಲ್ಲಿ ಹೇಳಿಕಳಿಸಬೇಕು.

ಉಜ್ಜುವ ಮೊದಲು ಟರ್ಪೆಂಟೈನ್‌ನಿಂದ ಒರೆಸುವುದನ್ನು ಮರೆಯಬೇಡಿ. ಹಬ್ಬಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಫರ್ನಿಚರ್ ಹೊಳೆಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಆ ಎಣ್ಣೆಯ ಮೇಲೆ ಯಾವ ಕೋಟೂ ನಿಲ್ಲುವುದಿಲ್ಲ. ಸಿಲಿಕೋನ್ ಇರುವ ಪಾಲಿಶ್ ಸ್ಪ್ರೇ ಬಳಸಿದ್ದರೆ ಹೊಸ ಕೋಟಿನಲ್ಲಿ ಮೀನಿನ ಕಣ್ಣಿನಂಥ ಗುಂಡು ಗುಂಡು ಕುಳಿಗಳು ಏಳುತ್ತವೆ.

ಈ ದಾರಿಯಲ್ಲಿ ಗೆರೆಗಳು ಸ್ವಲ್ಪ ಮಬ್ಬಾಗುತ್ತವೆ. ಬಣ್ಣವೆಲ್ಲ ಮೇಲಿನ ಪದರದಲ್ಲೇ ಇರುವುದರಿಂದ ಆಳವಾದ ಗೀರು ಬಿದ್ದರೆ ಒಳಗಿನ ಬಿಳಿ ಕಟ್ಟಿಗೆ ಕಾಣುತ್ತದೆ. ಆದ್ದರಿಂದ ಟೇಬಲ್ಲಿನ ಮೇಲ್ಭಾಗಕ್ಕೆ ಇದನ್ನು ನಾನು ಹೇಳುವುದಿಲ್ಲ. ಆರು ಕುರ್ಚಿಯ ಸೆಟ್ ಇದ್ದರೆ ಎರಡನ್ನೂ ಬೆರೆಸಿ. ಐದಡಿ ಉದ್ದ ಮೂರಡಿ ಅಗಲದ ಟೇಬಲ್ ಮೇಲ್ಭಾಗ ಅಂದರೆ ಬರೀ 15 ಚದರ ಅಡಿ. ಅದರ ಪೊರೆ ತೆಗೆದು ಸ್ಟೇನ್ ಮಾಡಿಸಿ. ಕುರ್ಚಿಗಳಿಗೆ ಮೇಲಿಂದಲೇ ಬಣ್ಣದ ಕೋಟ್ ಕೊಡಿಸಿ. ಕೂಲಿಯಲ್ಲಿ ದೊಡ್ಡ ಪಾಲು ತಿನ್ನುವುದು ಆ ಕುರ್ಚಿಗಳ ಕಾಲು, ಕಂಬಿಗಳೇ. ಎರಡೂ ಬಣ್ಣ ಹೊಂದಬೇಕಾದರೆ ಮೊದಲು ಟೇಬಲ್ ಮುಗಿಸಿ, ಆಮೇಲೆ ಅದನ್ನು ನೋಡಿಕೊಂಡು ಕುರ್ಚಿಯ ಬಣ್ಣ ಕಲಸಬೇಕು. ತಿರುಗುಮುರುಗಾದರೆ ಹೊಂದಿಸುವುದು ಕಷ್ಟ.

ಸ್ಪಿರಿಟ್ ಪಾಲಿಶ್: ಹಳೆಯದಾದರೂ ಬಿಡುವಂಥದ್ದಲ್ಲ

ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಣ್ಣದ ಪುಡಿ ಬೆರೆಸಿ, ಹತ್ತಿಯ ಉಂಡೆಗೆ ತೆಳು ಬಟ್ಟೆ ಸುತ್ತಿ ಉಜ್ಜುತ್ತಾ ಹೋಗುವುದು. ನುರಿತ ಮಿಸ್ತ್ರಿಯ ಕೈ ಎಲ್ಲೂ ನಿಲ್ಲುವುದಿಲ್ಲ. ಹಲಗೆಯ ಹೊರಗಿನಿಂದ ಜಾರಿ ಬಂದು, ಉದ್ದಕ್ಕೆ ಸಾಗಿ, ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತದೆ. ನಡುವೆ ಒಂದು ಕ್ಷಣ ನಿಂತರೂ ಉಂಡೆ ಅಲ್ಲೇ ಅಂಟಿ ಕಲೆ ಬೀಳುತ್ತದೆ. ಪದರದ ಮೇಲೆ ಪದರ ಹೀಗೆ ಏರಿದಾಗ ಬರುವ ಆಳವಾದ ಹೊಳಪು ಬೇರೆ ಯಾವುದರಿಂದಲೂ ಬರುವುದಿಲ್ಲ.

ಖರ್ಚು ಕಡಿಮೆ. ದುರಸ್ತಿ ಸುಲಭ, ಹೊಸ ಕೋಟ್ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ತಾತನ ಕಾಲದ ಪೆಟ್ಟಿಗೆ, ಗೋಡೆ ಅಲಮಾರಿಯ ಬಾಗಿಲು, ಗೋಡೆ ಗಡಿಯಾರದ ಚೌಕಟ್ಟು ಇಂಥವಕ್ಕೆ ಇದೇ ಚೆಂದ. ಆದರೆ ಬಿಸಿ ಮತ್ತು ನೀರಿಗೆ ತಾಳುವುದಿಲ್ಲ. ಬಿಸಿ ಚಹಾದ ಕಪ್ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಊಟದ ಟೇಬಲ್ಲಿಗೆ, ದೀಪ ಉರಿಯುವ ದೇವರ ಜಗಲಿಗೆ ಬೇಡ.

ಪೇಂಟ್, ಮೈಕಾ

ಎಂಡಿಎಫ್ ಇದ್ದರೆ ಪೇಂಟ್. ಪುಟ್ಟಿ ಹಾಕಿ ತುಂಬಿಸಿದ, ನಾನಾ ಜಾತಿಯ ಕಟ್ಟಿಗೆ ಸೇರಿಸಿ ಮಾಡಿದ ಸಾಮಾನಿಗೂ ಪೇಂಟೇ ಸರಿ. ಪೈನ್ ಮೇಲಾದರೆ ಗಂಟುಗಳಿಗೆ ಮೊದಲು ಅರಗಿನ ಪಾಲಿಶ್ ಎರಡು ಕೈ ಕೊಟ್ಟು ಮುಚ್ಚಿ. ಇಲ್ಲದಿದ್ದರೆ ಗಂಟಿನ ರಾಳ ಒಸರಿ ಪೇಂಟ್ ಮೇಲೆ ಕಂದು ಕಲೆ ಮೂಡುತ್ತದೆ. ಮೈಕಾ ಚಪ್ಪಟೆ ಬಾಗಿಲುಗಳಿಗೆ ಮಾತ್ರ. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಏರುವುದರಿಂದ ಬಾಗಿಲು, ಡ್ರಾವರ್ ಬಿಗಿಯಾಗುತ್ತವಾ ಎಂದು ಮೊದಲೇ ನೋಡಿಸಿ.

ಕಬ್ಬಿಣದ ಕಪ್ಪು, ಅಗಸೆ ಎಣ್ಣೆ

ಬಣ್ಣವೇ ಹಚ್ಚದೆ ಕಪ್ಪು ಮಾಡುವ ದಾರಿಯೂ ಒಂದಿದೆ. ಬೀದರಿನವರಿಗೆ ಈ ಮಾತು ಹೊಸದಲ್ಲ. ಬಿದ್ರಿ ಸಾಮಾನಿಗೆ ಯಾರೂ ಕಪ್ಪು ಬಳಿಯುವುದಿಲ್ಲ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದಾಗ ಸತು ತಾಮ್ರದ ಲೋಹವೇ ಕಪ್ಪಾಗುತ್ತದೆ, ಬೆಳ್ಳಿಯ ಗೆರೆ ಬೆಳ್ಳಗೇ ಉಳಿಯುತ್ತದೆ. ಕಟ್ಟಿಗೆಯಲ್ಲಿ ಈ ಕೆಲಸ ಮಾಡುವುದು ಕಬ್ಬಿಣ ಮತ್ತು ಕಟ್ಟಿಗೆಯೊಳಗಿನ ಒಗರು. ಸ್ಟೀಲ್ ವುಲ್ಲನ್ನು ವಿನಿಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಸೋಸಿ, ಆ ನೀರು ಹಚ್ಚಿದರೆ ಒಗರಿರುವ ಕಟ್ಟಿಗೆ ಕಣ್ಣೆದುರೇ ಕಪ್ಪಾಗುತ್ತದೆ. ಪೈನ್, ರಬ್ಬರ್‌ವುಡ್‌ನಲ್ಲಿ ಒಗರು ಕಡಿಮೆ. ಅವಕ್ಕೆ ಮೊದಲು ಗಟ್ಟಿ ಕರಿ ಚಹಾ, ಇಲ್ಲವೇ ಅಳಲೆಕಾಯಿ ಕುದಿಸಿದ ನೀರು ಹಚ್ಚಿ ಒಣಗಿಸಬೇಕು. ನೀರು ಹಚ್ಚಿದ್ದರಿಂದ ಏಳುವ ನವಿರನ್ನು ಪೇಪರ್‌ನಿಂದ ತೆಗೆಯಬೇಕು. ಬಣ್ಣ ಎಷ್ಟು ಕಪ್ಪಾಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿ ಅಷ್ಟಾಗಿ ಇರುವುದಿಲ್ಲ. ಒಂದು ಸಣ್ಣ ಸ್ಟೂಲಿಗೆ ಮಾಡಿ ನೋಡಿ, ಪೂರ್ತಿ ಸೆಟ್ಟಿಗೆ ಬೇಡ.

ಅಗಸೆ ಎಣ್ಣೆ ಕಟ್ಟಿಗೆಯನ್ನು ಒಂದು ಮಟ್ಟ ಗಾಢ ಮಾಡುತ್ತದೆ, ಅಷ್ಟೇ. ವಾಲ್‌ನಟ್ ಬಣ್ಣ ಅದರಿಂದ ಬರುವುದಿಲ್ಲ. ಹಸಿ ಎಣ್ಣೆ ಒಣಗಲು ವಾರಗಳೇ ಬೇಕು, ಅದಕ್ಕೆಂದೇ ಮಾರುವ ಬಾಯ್ಲ್ಡ್ ಎಣ್ಣೆ ತನ್ನಿ. ಮತ್ತು ಇದನ್ನು ದಯವಿಟ್ಟು ನೆನಪಿಡಿ: ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಗೆ ಬೆಂಕಿ ಕಡ್ಡಿ ತಾಗಿಸದೆಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಎಣ್ಣೆಯಾಧಾರಿತ ಸ್ಟೇನ್ ಒರೆಸಿದ ಬಟ್ಟೆಗೂ ಇದೇ ಎಚ್ಚರ ಬೇಕು.

ಮೇಲಿನ ಕ್ಲಿಯರ್: ಟಚ್‌ವುಡ್, ಮೆಲಮೈನ್, ಪಿಯು

ನೀವೇ ಬ್ರಶ್ ಹಿಡಿದು ಮಾಡುವುದಾದರೆ ಟಚ್‌ವುಡ್‌ನಂಥ ಒಂದೇ ಡಬ್ಬಿಯ ಕ್ಲಿಯರ್ ಅನುಕೂಲ. ಬೆರೆಸುವ ತಲೆನೋವಿಲ್ಲ. ನಿಧಾನವಾಗಿ ಒಣಗುವುದರಿಂದ ಬ್ರಶ್ ಗೆರೆ ಕೂಡಿಕೊಳ್ಳುತ್ತದೆ, ಆದರೆ ಅಷ್ಟೂ ಹೊತ್ತು ಧೂಳು ಕೂರುತ್ತದೆ. ಮೆಲಮೈನ್ ಎರಡು ಡಬ್ಬಿಯದು (ಬಳಿಯುವ ಮೊದಲು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಬೇಕು), ಗಟ್ಟಿ, ಪಿಯುಗಿಂತ ಅಗ್ಗ. ವಾಸನೆ ಕಣ್ಣು ಉರಿಸುತ್ತದೆ, ಕೆಲವು ದಿನ ಕಿಟಕಿ ತೆರೆದಿಡಬೇಕು. ಎರಡು ಡಬ್ಬಿಯ ಪಿಯು ಎಲ್ಲಕ್ಕಿಂತ ದುಬಾರಿ. ನೀರು, ಬಿಸಿ, ಅರಿಶಿನದ ಕಲೆಗೆ ಎಲ್ಲಕ್ಕಿಂತ ಚೆನ್ನಾಗಿ ತಾಳುವುದೂ ಅದೇ. ಊಟದ ಟೇಬಲ್ಲಿಗೂ ದೇವರ ಜಗಲಿಗೂ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಹಾರ್ಡನರ್ ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಮರುದಿನಕ್ಕೆ ಬರುವುದಿಲ್ಲ. ಸ್ಪ್ರೇ ಮಾಡುವವರು ಸರಿಯಾದ ಮಾಸ್ಕ್ ಹಾಕಲೇಬೇಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಮಾಸ್ಕ್ ಇಲ್ಲದೆ ಬಂದರೆ ನೀವೇ ತರಿಸಿಕೊಡಿ.

ಸ್ಟೇನ್, ಸೀಲರ್, ಕ್ಲಿಯರ್ ಮೂರೂ ಒಂದೇ ಕಂಪನಿಯದಿರಲಿ. ಅಂಗಡಿಯಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಕೊಟ್ಟರೆ ಒಂದರ ಥಿನ್ನರ್ ಇನ್ನೊಂದನ್ನು ಸುಕ್ಕಾಗಿಸುತ್ತದೆ. ಹೊಳಪಿನ ವಿಷಯಕ್ಕೆ ಬಂದರೆ, ಗಾಢ ಬಣ್ಣಕ್ಕೆ ಗ್ಲಾಸಿ ಬೇಡ, ಮ್ಯಾಟ್ ತಗೊಳ್ಳಿ. ನಮ್ಮ ಊರಿನ ಧೂಳು ಗಾಢ ಹೊಳಪಿನ ಮೇಲೆ ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕಾಣುತ್ತದೆ.

ಯಾವ ತಿಂಗಳು?

ಡಬ್ಬಿಯ ಮೇಲೆ ಬರೆದ ಒಣಗುವ ಸಮಯ ಕಲಬುರಗಿಯ ಮೇ ತಿಂಗಳಿಗೆ ಬರೆದದ್ದಲ್ಲ. 42–43 ಡಿಗ್ರಿಯಲ್ಲಿ ಥಿನ್ನರ್ ಸ್ಪ್ರೇ ಗನ್ನಿನಿಂದ ಹೊರಬಿದ್ದು ಹಲಗೆ ಮುಟ್ಟುವಷ್ಟರಲ್ಲೇ ಹಾರಿಹೋಗುತ್ತದೆ. ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಗುಳ್ಳೆ ಏಳುತ್ತವೆ. ಸ್ಟೇನ್ ಕೂಡ ಒರೆಸುವ ಮೊದಲೇ ಒಣಗಿ ಪಟ್ಟೆ ಪಟ್ಟೆಯಾಗುತ್ತದೆ. ಮಳೆಗಾಲದಲ್ಲಿ ಬೇರೆ ಕಾಟ. ಗಾಳಿಯ ತೇವಕ್ಕೆ ಸ್ಪಿರಿಟ್ ಪಾಲಿಶ್, ಎನ್‌ಸಿ ಲ್ಯಾಕರ್ ಎರಡೂ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತವೆ. ಗಾಢ ಬಣ್ಣದ ಮೇಲೆ ಆ ಬಿಳಿ ಇನ್ನೂ ಎದ್ದು ಕಾಣುತ್ತದೆ.

ದಸರಾ ಕಳೆದ ಮೇಲೆ ಶುರು ಮಾಡಿ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯ ಒಳಗೆ ಮುಗಿಸುವುದು ಒಳ್ಳೆಯದು. ಹೋಳಿ ಮುಗಿದು ತೇರು ಎಳೆಯುವ ಹೊತ್ತಿಗೆ ಬಿಸಿಲು ಏರಿಯೇ ಇರುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿ ಸ್ವಲ್ಪ ಸಮಯ ಜಾಸ್ತಿ ಸಿಗುತ್ತದೆ. ಯಾದಗಿರಿಯವರಿಗೆ ಕಲಬುರಗಿಯ ಲೆಕ್ಕವೇ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಬೆಳಗಿನ ಜಾವ ಕೆಲಸ ಹಿಡಿಸಿ, ನಿಧಾನ ಒಣಗುವ ಥಿನ್ನರ್ ಕೇಳಿ ತರಿಸಿ. ಬಿಸಿಲಲ್ಲಿ ಇಟ್ಟ ಫರ್ನಿಚರನ್ನು ನೆರಳಿಗೆ ತಂದು ಆರಿದ ಮೇಲೆಯೇ ಬಳಿಯಬೇಕು. ಶಹಾಬಾದ್ ಫರಸಿಯ ನೆಲವಿದ್ದರೆ ಹಿಂದಿನ ರಾತ್ರಿ ನೀರು ಹೊಡೆದು ಒರೆಸಿಡಿ. ಧೂಳು ಏಳುವುದಿಲ್ಲ, ಕೋಣೆಯೂ ತಂಪಾಗಿರುತ್ತದೆ.

ಚೌಕಟ್ಟಿನೊಳಗೆ ಹಲಗೆ ಕೂರಿಸಿದ ಅಲಮಾರಿ ಬಾಗಿಲು ಇದ್ದರೆ ಇನ್ನೊಂದು ವಿಷಯ. ಆ ಹಲಗೆಯನ್ನು ಅಂಟಿಸಿರುವುದಿಲ್ಲ, ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉಬ್ಬಿದ್ದಾಗ ಗಾಢ ಬಣ್ಣ ಮಾಡಿಸಿದರೆ, ಏಪ್ರಿಲ್‌ನಲ್ಲಿ ಹಲಗೆ ಕುಗ್ಗಿ ಅಂಚಿನುದ್ದಕ್ಕೂ ಬಿಳಿ ಗೆರೆ ಹೊರಬರುತ್ತದೆ. ತಿಳಿ ಕಟ್ಟಿಗೆಗೆ ಗಾಢ ಬಣ್ಣ ಮಾಡಿದಾಗಲೇ ಇದು ಕಾಣುವುದು. ಹಲಗೆಯನ್ನು ಮೊದಲು ಒಂದು ಬದಿಗೆ ಒತ್ತಿ, ಆಮೇಲೆ ಇನ್ನೊಂದು ಬದಿಗೆ ಒತ್ತಿ, ಎರಡೂ ಸಂದುಗಳ ಒಳಗೆ ತೆಳು ಬ್ರಶ್‌ನಿಂದ ಸ್ಟೇನ್ ಇಳಿಸಿಸಿ.

ಈಗ ಶೇಡ್

ಶೇಡ್ ಕಾರ್ಡಿನ ಚೂರು ಬೇರೆ ಕಟ್ಟಿಗೆಯ ಮೇಲೆ ಬಳಿದದ್ದು. ನಿಮ್ಮ ಟೇಬಲ್ಲಿನ ಕೆಳಭಾಗದಲ್ಲಿ ಅಂಗೈಯಗಲ ಜಾಗದ ಪೊರೆ ತೆಗೆಸಿ, ಅಲ್ಲೇ ಸ್ಟೇನ್ ಹಚ್ಚಿ, ಅದರ ಮೇಲೆ ಕ್ಲಿಯರ್ ಕೂಡ ಬಳಿಸಿ ನೋಡಿ. ಕ್ಲಿಯರ್ ಬಿದ್ದ ಮೇಲೆ ಬಣ್ಣ ಇನ್ನೂ ಗಾಢವಾಗುತ್ತದೆ. ಹಗಲು ಬೆಳಕಲ್ಲೂ ರಾತ್ರಿ ದೀಪದಲ್ಲೂ ನೋಡಿ. ಒಪ್ಪಿಗೆಯಾದರೆ ಮಾತ್ರ ಮುಂದೆ.

ನನ್ನ ಒಲವು ವಾಲ್‌ನಟ್ ಕಡೆಗೆ. ಫರಸಿ ನೆಲದ ಬೂದು ಬಣ್ಣಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ವೆಂಗೆಯ ಕಪ್ಪು ಸಣ್ಣ ಕಿಟಕಿಯ ಕೋಣೆಯನ್ನು ಇನ್ನೂ ಇಕ್ಕಟ್ಟು ಮಾಡುತ್ತದೆ. ಎರಡು ಶೇಡ್ ನಡುವೆ ಮನಸ್ಸು ತೂಗಾಡುತ್ತಿದ್ದರೆ ತಿಳಿ ಬಣ್ಣದ್ದನ್ನೇ ಆರಿಸಿ. ಸಾಲದಿದ್ದರೆ ಇನ್ನೊಂದು ಕೈ ಹಚ್ಚಬಹುದು, ಜಾಸ್ತಿಯಾದರೆ ಮತ್ತೆ ಉಜ್ಜಬೇಕು. ರೊಟ್ಟಿ ಬಡಿಯುವ ಹಲಗೆ, ಲಟ್ಟಣಿಗೆ, ತರಕಾರಿ ಹೆಚ್ಚುವ ಮಣೆಗೆ ಮಾತ್ರ ಯಾವ ಸ್ಟೇನೂ ಬೇಡ.

ಮಿಸ್ತ್ರಿಗೆ ಹೇಳುವಾಗ

"ಡಾರ್ಕ್ ಪಾಲಿಶ್ ಮಾಡಿಕೊಡಿ, ಅಣ್ಣಾ" ಎಂದರೆ ಸಾಲದು. ಹಳೇ ಪೊರೆ ಪೂರ್ತಿ ತೆಗೀತೀರಾ, ಸೀಲರ್ ಎಷ್ಟು ಕೋಟ್, ಕ್ಲಿಯರ್ ಎಷ್ಟು ಕೋಟ್, ನಡುವೆ ಪೇಪರ್ ಹೊಡೀತೀರಾ, ಕೆಳಭಾಗ ಹಿಂಭಾಗ ಲೆಕ್ಕಕ್ಕೆ ಬರುತ್ತದಾ, ಎಲ್ಲ ಮೊದಲೇ ಮಾತಾಡಿ. ಚದರ ಅಡಿ ಲೆಕ್ಕವಾದರೆ ಕುರ್ಚಿಯ ಕಾಲು, ಕಂಬಿ ಹೇಗೆ ಅಳೆಯುತ್ತಾರೆ ಕೇಳಿ. ಅವಕ್ಕೆ ಒಂದೊಂದು ಕುರ್ಚಿಗೆ ಇಷ್ಟು ಎಂದು ಮುಗಿಸುವುದೇ ವಾಸಿ. ಸಾಮಾನು ನೀವೇ ತಂದುಕೊಟ್ಟರೆ ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯುತ್ತದೆ.

ಕೆಲಸ ಮುಗಿದ ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಪೂರ್ತಿ ಗಟ್ಟಿಯಾಗಲು ಪಿಯುಗೂ ಒಂದು ವಾರ ಬೇಕು. ಅಲ್ಲಿಯತನಕ ಬಿಸಿ ಪಾತ್ರೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹೊಸ ಟೇಬಲ್ ಹಾಳಾಗದಿರಲಿ ಎಂದು ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದಂತೂ ಬೇಡವೇ ಬೇಡ. ಅದು ಹೊಸ ಕೋಟಿಗೆ ಅಂಟಿಕೊಂಡು, ಎತ್ತುವಾಗ ಅಚ್ಚು ಬಿಟ್ಟುಹೋಗುತ್ತದೆ. ಹಾಸಲೇಬೇಕಾದರೆ ಹತ್ತಿ ಬಟ್ಟೆ ಹಾಸಿ. ಉಳಿದ ಸ್ಟೇನನ್ನು ಮಿಸ್ತ್ರಿಯ ಜೊತೆ ಕಳಿಸದೆ, ಒಂದು ಸಣ್ಣ ಗಾಜಿನ ಬಾಟಲಿಗೆ ಹಾಕಿ, ಶೇಡಿನ ಹೆಸರು ಮತ್ತು ಕಂಪನಿ ಬರೆದು ಇಟ್ಟುಕೊಳ್ಳಿ. ಮುಂದೆ ಮೂಲೆಗೆ ಏಟು ಬಿದ್ದು ಬಿಳಿ ಕಟ್ಟಿಗೆ ಕಂಡರೆ ಹತ್ತಿಯ ತುದಿಯಿಂದ ಒಂದು ಹನಿ ಹಚ್ಚಿ ಒರೆಸಿ, ಒಣಗಿದ ಮೇಲೆ ಮೇಲೊಂದು ತೊಟ್ಟು ಕ್ಲಿಯರ್ ಸವರಿದರೆ ಆಯಿತು.